ಮನೆ ಬೆಳೆಯುವ ಊರು

ನಮ್ಮೂರಿನ ಮನೆಗಳು ವರ್ಷಕ್ಕೊಂದು ಗೇಣು ಬೆಳೆಯುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ಹೇಳಿಕೊಂಡು ಬಂದವನು. ಅದು ನನ್ನ ಹೊಟ್ಟೆಪಾಡಿನ ಮಾತೂ ಹೌದು. ನಾನು ಗೌಂಡಿ ದಾವಲಸಾಬ. ಬೆಳೆದ ಮನೆಗೆ ಮೆಟ್ಟಿಲು ಕಟ್ಟಿಕೊಡುವುದು ನನ್ನ ಕಸುಬು. ನನಗೆ ಮೀಸೆ ಮೂಡುವ ಹೊತ್ತಿಗೆ ನಮ್ಮ ಮನೆಗೆ ಇದ್ದದ್ದು ಒಂದೇ ಮೆಟ್ಟಿಲು. ಈಗ ಹೇಳಹೊರಟಿರುವ ಸಂಗತಿ ಶುರುವಾದ ವರ್ಷ ಇಪ್ಪತ್ತೆರಡು ಆಗಿದ್ದವು. ಊರಿನ ಎಲ್ಲ ಮನೆಗೂ ಅಷ್ಟೇ. ಒಂದು ಮನೆಯನ್ನು ಬಿಟ್ಟು.

ಮನೆ ಬೆಳೆಯುವುದಕ್ಕೆ ಒಂದು ದಿನ ಇತ್ತು. ವರ್ಷದ ಮೊದಲ ಮಳೆ ಬಿದ್ದ ಮಾರನೆಯ ದಿನ, ಹೊತ್ತು ನೆತ್ತಿಗೆ ಬರುವ ಮುಂಚೆ ಎಲ್ಲರೂ ಹೊಲದಿಂದ ಬಂದು, ಮೆಟ್ಟಿಲು ಹತ್ತಿ, ಕದ ಹಾಕಿಕೊಂಡು, ಬೋರಲಾಗಿ ಮಲಗುತ್ತಿದ್ದರು. ಮನೆ ಬೆಳೆಯುವುದನ್ನು ನೋಡಬಾರದು. ಹಾಗೆ ಮಲಗಿದಾಗ ಒಂದು ಸದ್ದು ಕೇಳುತ್ತಿತ್ತು. ದೊಡ್ಡ ಸದ್ದಲ್ಲ. ನಿಮ್ಮ ಪಕ್ಕದಲ್ಲೇ ಮಲಗಿದವರು ಬಹಳ ಹೊತ್ತು ಹಿಡಿದಿಟ್ಟ ಉಸಿರನ್ನು ಮೆಲ್ಲಗೆ ಬಿಟ್ಟಂತೆ. ಸದ್ದು ನಿಂತ ಮೇಲೆ ಕದ ತೆಗೆದರೆ, ಕೊನೆಯ ಮೆಟ್ಟಿಲಿಗೂ ನೆಲಕ್ಕೂ ನಡುವೆ ಒಂದು ಗೇಣು ಬಯಲು. ಅಂದು ಎಲ್ಲರ ಮನೆಯಲ್ಲೂ ಗೋಧಿ ಬೆಲ್ಲದ ಮಾದಲಿ, ತುಪ್ಪ. ಮರುದಿನದಿಂದ ನನಗೆ ಎರಡು ತಿಂಗಳು ಕೈಬಿಡುವಿಲ್ಲದ ಕೆಲಸ.

ಜನ ಹೊಂದಿಕೊಂಡಿದ್ದರು. ಊರ ಬಾವಿ ಗೋಪುರದಂತೆ ಎದ್ದು ನಿಂತಿತ್ತು; ನೀರು ಸೇದಲು ಅದರ ಹೊರಮೈಗೆ ಸುತ್ತು ಮೆಟ್ಟಿಲು ಕಟ್ಟಿದ್ದೆ. ಕಾಳು ಹೂತಿಡುತ್ತಿದ್ದ ಹಗೇವುಗಳು, ಒಳಗೆ ಕಲ್ಲು ಕಟ್ಟಿದಂಥವು, ದೊಡ್ಡ ದೊಡ್ಡ ಗಡಿಗೆಗಳಂತೆ ಬಯಲಲ್ಲಿ ಕುಳಿತಿದ್ದವು. ಬೇವಿನ ಮರಗಳು ಬೇರಿನ ಕಾಲುಗಳ ಮೇಲೆ ನಿಂತಿದ್ದವು. ಅವುಗಳ ಅಡಿಯಲ್ಲಿ ನುಗ್ಗಿ ಕುರಿಗಳು ನೆರಳು ಹಿಡಿಯುತ್ತಿದ್ದವು. ಹೆಣ್ಣು ನೋಡಲು ಬಂದವರು ಹುಡುಗಿಗೆ ಎರಡು ಕೊಡ ಹೊರಿಸಿ ಮೇಲೆ ಹತ್ತಿಸಿ ನೋಡುತ್ತಿದ್ದರು. ಮೊಣಕಾಲು ಬಿದ್ದವರು ಮೇಲೆಯೇ ಉಳಿದುಬಿಡುತ್ತಿದ್ದರು, ಬುಟ್ಟಿಗೆ ಹಗ್ಗ ಕಟ್ಟಿ ಹೊಲಕ್ಕೆ ಹೋಗುವವರ ಬುತ್ತಿ ಇಳಿಬಿಡುತ್ತ, ಕೆಳಗಿನವರ ಜೊತೆ ಕೂಗಿ ಮಾತಾಡುತ್ತ. ನನ್ನ ಹೆಂಡತಿ ಮಾಬವ್ವಳೂ ಮೇಲೆ ಉಳಿದವಳೇ. ಅವಳ ಮೊಣಕಾಲು ಗಟ್ಟಿಯಾಗೇ ಇದ್ದವು. ನಮ್ಮ ಮಗಳು ಸಲಿಮಾ ಆರು ವರ್ಷದವಳು ಮೂರೇ ದಿನದ ಜ್ವರದಲ್ಲಿ ಹೋದಳು. ಅವಳನ್ನು ಮಣ್ಣು ಮಾಡಿ ಬಂದ ದಿನ ಮೇಲೆ ಹೋದ ಮಾಬವ್ವ ಮತ್ತೆ ಇಳಿಯಲಿಲ್ಲ. ನಮ್ಮ ಮನೆಯ ಪಡುವಣ ಕಿಟಕಿಯಿಂದ ಗೋರಿಯ ಜಾಗ ಕಾಣುತ್ತದೆ. ಅವಳು ಅಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದಳು, ಅಲ್ಲೇ ಕುಳಿತು ಉಣ್ಣುತ್ತಿದ್ದಳು.

ಮೆಟ್ಟಿಲು ಹೆಚ್ಚದ ಆ ಒಂದು ಮನೆ ಹೊಳೆವ್ವನದು. ಊರ ಅಂಚಿನಲ್ಲಿ, ಗೋರಿಗಳ ಬಯಲಿಗೆ ಹೊಂದಿಕೊಂಡು ಅವಳ ಎರಡು ಎಕರೆ ಹೊಲ. ಹೊಲದ ನಡುವೆ ಮನೆ. ಸುತ್ತಲ ನೆಲದ ನಡುವೆ ಆ ಹೊಲ ಒಂದು ದೊಡ್ಡ ಕಟ್ಟೆಯಂತೆ ಎತ್ತರದಲ್ಲಿ ನಿಂತಿತ್ತು. ಅದನ್ನು ಸೇರಲು ಅವಳೇ ಮಾಡಿಕೊಂಡ ಒಂದು ಓರೆ ದಾರಿ. ಮೇಲೆ ಹೋದರೆ ಮನೆಗೆ ಅವಳ ಅಜ್ಜನ ಕಾಲದ ಒಂದೇ ಮೆಟ್ಟಿಲು. ಬೆಳೆಯದ ಮನೆಯ ಹೆಣ್ಣು ಎಂದು ಅವಳನ್ನು ಯಾರೂ ಶುಭಕಾರ್ಯಕ್ಕೆ ಕರೆಯುತ್ತಿರಲಿಲ್ಲ. ಅವಳ ಬದುಗಳ ತುಂಬ ಕರಿಕೆ ಹುಲ್ಲು, ಮುಳ್ಳುಕಂಟಿ. ಕೊಯ್ಲಾದ ಮೇಲೂ ಜೋಳದ ಕೊಯ್ಯ, ಬುಡದ ಮೋಟು, ಹಾಗೇ ನಿಂತಿರುತ್ತಿತ್ತು. ನೋಡಿದವರು ಮೈಗಳ್ಳಿ ಎನ್ನುತ್ತಿದ್ದರು. ಅರವತ್ತು ದಾಟಿದ್ದರೂ ಅವಳು ಬೆನ್ನು ಬಗ್ಗಿಸಿ ಕೆಲಸ ಮಾಡದ ದಿನ ಇರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಆ ವರ್ಷ ಬೇಸಗೆಯಲ್ಲಿ ಮಾಬವ್ವ ಕಿಟಕಿಯಿಂದ ನನ್ನನ್ನು ಕರೆದಳು. "ರೀ, ಅಲ್ಲೇನೋ ಬೆಳ್ಳಗ ಕಾಣಾಕತ್ತೈತಿ ನೋಡ್ರಿ" ಎಂದಳು. ಹೋಗಿ ನೋಡಿದೆ. ಸಲಿಮಾಳ ಮೇಲಿನ ಮಣ್ಣಿನ ಗುಪ್ಪೆ ಕರಗಿ ಕರಗಿ, ಅವಳ ಮೇಲೆ ನಾನೇ ಹೊದಿಸಿದ ಚಪ್ಪಡಿಯ ಒಂದು ಮೂಲೆ ಹೊರಬಿದ್ದಿತ್ತು. ಮನೆ ಬೆಳೆಯುವಾಗ ಸತ್ತವರೂ ಬೆಳೆಯುತ್ತಾರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೊಲದಿಂದ ಬರುವಾಗ ಒಂದೊಂದು ಬುಟ್ಟಿ ಮಣ್ಣು ತಂದು ತಮ್ಮ ತಮ್ಮ ಹಿರಿಯರ ಮೇಲೆ ಸುರಿದು, ತಿರುಗಿ ನೋಡದೆ ಹೋಗುತ್ತಿದ್ದರು. ನಾನೂ ಮೂರು ವರ್ಷ ಸುರಿದಿದ್ದೆ. ನಿಲ್ಲಲಿಲ್ಲ.

ಮಾಬವ್ವನಿಗೆ, "ಏನಿಲ್ಲ, ಕಲ್ಲು" ಎಂದೆ. ಅವಳು ನನ್ನ ಮುಖ ನೋಡಿ ಕಿಟಕಿಗೆ ಬೆನ್ನು ಮಾಡಿ ಕುಳಿತಳು.

ಹೊಳೆವ್ವನ ಮಣ್ಣು ತರಬೇಕು ಅನ್ನಿಸಿತು. ಅವಳ ಮಣ್ಣು ಕೂತಲ್ಲೇ ಕೂರುತ್ತದೆ, ಅದನ್ನು ಊರೆಲ್ಲ ಕಂಡಿದೆ. ಕೇಳಲು ಮುಖ ಇರಲಿಲ್ಲ; ಅವಳ ಮನೆಯ ಒಂಟಿ ಮೆಟ್ಟಿಲಿನ ಬಗ್ಗೆ ನಾನೂ ನಕ್ಕವನು. ಮೊದಲ ಮಳೆ ಬಿತ್ತು. ಮಾರನೆಯ ದಿನ ಊರೆಲ್ಲ ಕದ ಹಾಕಿಕೊಳ್ಳುವ ಹೊತ್ತಿಗೆ, ಮಾಬವ್ವ ಬೋರಲಾಗಿ ಮಲಗಿದ್ದನ್ನು ನೋಡಿಕೊಂಡು, ಬುಟ್ಟಿ ಸಲಿಕೆ ಹಿಡಿದು ಇಳಿದುಬಿಟ್ಟೆ. ಆ ದಿನ ಆ ಹೊತ್ತಿನಲ್ಲಿ ಹೊರಗೆ ಯಾರೂ ಇರುವುದಿಲ್ಲವೆಂಬ ಧೈರ್ಯ. ಹುಟ್ಟಿದಾಗಿನಿಂದ ನಡೆದಾಡಿದ ದಾರಿ ಅಂದು ನನ್ನದಲ್ಲ ಅನ್ನಿಸುತ್ತಿತ್ತು. ನಾಯಿಗಳು ಬಾವಿಯ ಮೆಟ್ಟಿಲು ಹತ್ತಿ ಮೇಲೆ ಕುಳಿತಿದ್ದವು. ಒಂದೂ ಬೊಗಳಲಿಲ್ಲ.

ಹೊಳೆವ್ವನ ಬದುವಿಗೆ ಸಲಿಕೆ ಹಾಕಿದೆ. ಸಲಿಕೆ ಸುಲಭಕ್ಕೆ ಇಳಿಯಲಿಲ್ಲ. ಒಳಗೆ ಬೇರುಗಳು ಹೆಣೆದುಕೊಂಡಿದ್ದವು. ಬುಟ್ಟಿ ಅರ್ಧ ತುಂಬಿರಬೇಕು, ತಲೆಯ ಮೇಲಿನಿಂದ ದನಿ ಬಂತು.

"ತುಂಬ್ಕೋ ತಮ್ಮಾ. ಆದ್ರ ಲಗೂನ ತುಂಬ್ಕೋ. ಹೊತ್ತ ಆತು."

ಹೊಳೆವ್ವ ಬದುವಿನ ಮೇಲೆ ಕಾಲು ಚಾಚಿ, ತಲೆ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಕದ ಹಾಕಿಕೊಂಡು ಮಲಗಬೇಕಾದ ಹೊತ್ತಿನಲ್ಲಿ, ಬಸ್ಸಿಗೆ ಕಾಯುವವಳಂತೆ.

"ಯಕ್ಕಾ, ನೀ ಹೊರಗ..." ಎಂದೆ.

"ನಾ ಪ್ರತಿ ವರ್ಷ ಹೊರಗೇ ಕುಂದರ್ತೀನಿ. ಯಾರರೆ ಒಬ್ಬರು ನೋಡಬೇಕಲ್ಲ ಅದನ್ನ."

ನಾನು ಬುಟ್ಟಿ ಹೊತ್ತು ಸಲಿಮಾಳ ಕಡೆ ಓಡಿದೆ. ಬುಟ್ಟಿ ಇಳಿಸುವಷ್ಟರಲ್ಲಿ ಶುರುವಾಯಿತು.

ಗಾಳಿ ಇರಲಿಲ್ಲ. ನೀರೂ ಇರಲಿಲ್ಲ. ಮೇಲಿನ ಹೊಲಗಳು ಒಮ್ಮೆ ನಡುಗಿದವು. ಮಲಗಿದ ಎತ್ತು ನೊಣ ಓಡಿಸಲು ಬೆನ್ನಿನ ಚರ್ಮವನ್ನಷ್ಟೇ ನಡುಗಿಸುತ್ತದಲ್ಲ, ಹಾಗೆ. ಆಮೇಲೆ ಮಣ್ಣು ನಡೆಯತೊಡಗಿತು. ಟ್ರ್ಯಾಕ್ಟರ್ ಹೊಡೆದ ಸಾಲುಗಳೆಲ್ಲ ಇಳಿಜಾರಿನ ಗುಂಟ ಇದ್ದವು. ಆ ಸಾಲು ಹಿಡಿದೇ ಬಂತು, ದಾರಿ ಗೊತ್ತಿರುವ ಹಾಗೆ, ಅವಸರವಿಲ್ಲದೆ. ನನ್ನ ಮೊಣಕಾಲಿನ ಎರಡೂ ಬದಿಗೆ ಹಾದುಹೋಯಿತು. ಕುರಿಹಿಂಡಿನ ನಡುವೆ ನಿಂತವನಿಗೆ ಆಗುವಂಥ ಬಿಸಿ, ಮೆತ್ತಗಿನ ಒರಸಾಟ. ನಾನು ನಿಂತ ನೆಲ ನನ್ನನ್ನು ಕೆಳಗಿಳಿಸಿತು, ಎತ್ತಿಕೊಂಡವರು ಕೂಸನ್ನು ಮೆಲ್ಲಗೆ ಇಳಿಸುವ ಹಾಗೆ. ಎದುರಿಗೆ ಚಪ್ಪಡಿಯ ಮೂಲೆ ಇದ್ದದ್ದು ಇಡೀ ಚಪ್ಪಡಿಯಾಯಿತು. ನಾನು ಅದರ ಮೇಲೆ ಬಿದ್ದೆ. ಎರಡೂ ತೋಳು ಚಾಚಿ ಮಣ್ಣು ತಡೆಯಲು ನೋಡಿದೆ. ಬೆರಳ ಸಂದಿಯಿಂದ ಹೋಯಿತು. ಎಲ್ಲ ಹಳ್ಳದ ಕಡೆ ಹೋಯಿತು. ಆ ಉಸಿರಿನ ಸದ್ದು, ಮನೆಯೊಳಗೆ ಮಲಗಿ ಅಷ್ಟು ವರ್ಷ ಕೇಳಿದ್ದು, ಅದು ಮಣ್ಣು ಹೋಗುವ ಸದ್ದು.

ತಲೆ ಎತ್ತಿದಾಗ ಹೊಳೆವ್ವನ ಹೊಲ ಇದ್ದ ಹಾಗೇ ಇತ್ತು. ಮೇಲಿನಿಂದ ಬಂದ ಮಣ್ಣು ಅವಳ ಬದುವಿನ ಹತ್ತಿರ ನಿಧಾನಿಸಿ, ಎರಡು ಹೋಳಾಗಿ ಸರಿದುಹೋಗಿತ್ತು. ಅವಳು ಇಳಿದು ಬಂದು ನನ್ನ ಹತ್ತಿರ ಕುಳಿತಳು. ಮಗಳೇನು ಎಂದು ಕೇಳಿದಳು. ಹೂಂ ಎಂದೆ.

"ಮನಿ ಬೆಳೀತಾವಂತ ಹೇಳ್ತೀರಿ" ಎಂದಳು. ಬೈಯುವ ದನಿ ಇರಲಿಲ್ಲ. "ಮನಿ ಎಲ್ಲಿ ಬೆಳೀತಾವೋ ಹುಚ್ಚಾ. ನೆಲಾ ಹೊಂಟೈತಿ. ಟ್ರ್ಯಾಕ್ಟರ್ ತಿರಗಾಕ ಅಡ್ಡ ಬರ್ತಾವಂತ ಬದು ಕಿತ್ತ ಒಗದ್ರಿ. ಜ್ವಾಳದ ಕಣಕಿ ಸುಟ್ರಿ. ಒಂದ ಕರಿಕಿ ಬೇರು ಉಳಿಬಾರದಂತ ಆಳಕ್ಕ ಹೊಡದ್ರಿ. ಐದೈದ ಸರ್ತಿ ಹರಗಿ ಮಣ್ಣನ್ನ ಹಿಟ್ಟ ಮಾಡಿದ್ರಿ. ಹಿಟ್ಟ ಹೆಂಗ ನಿಂದರತೈತಿ, ನೀನ ಹೇಳು."

ನಾನು ಬುಟ್ಟಿಯ ಮಣ್ಣನ್ನು ಚಪ್ಪಡಿಯ ಮೇಲೆ ಸುರಿಯಹೋದೆ. ಅವಳು ಕೈ ಹಿಡಿದಳು. "ಬರೇ ಮಣ್ಣ ಹಾಕಿದ್ರ ಮುಂದಿನ ವರ್ಷ ಇದೂ ಹೋಗತೈತಿ. ಹಿಡ್ಕೊಳ್ಳಾಕ ಯಾರರೆ ಬೇಕು." ತನ್ನ ಬದುವಿನಿಂದ ಕರಿಕೆಯ ಹೆಂಟೆಗಳನ್ನು ಬೇರು ಸಮೇತ ಕಿತ್ತು ತಂದಳು. ಹನ್ನೆರಡು ಬುಟ್ಟಿ ಮಣ್ಣು ಹೊತ್ತೆ. ಸುತ್ತ ಅಂಚಿಗೆ ಕಲ್ಲಿಟ್ಟೆ, ಅವಳು ಹುಲ್ಲು ನೆಟ್ಟಳು. ಬೇಲಿಯಂತೆ ಸುತ್ತಲೂ, ಮೇಲೂ. ಹೊತ್ತು ಮುಳುಗುವ ಮುಂಚೆ ಮುಗಿಯಿತು. ಊರಿನಲ್ಲಿ ಆಗಲೇ ಮಾದಲಿಯ ಬೆಲ್ಲದ ವಾಸನೆ ಎದ್ದಿತ್ತು.

ಆ ದಿನ ಸದ್ದು ಬಂದ ಹೊತ್ತಿನಲ್ಲಿ ಹೊರಗಿದ್ದದ್ದನ್ನು ನಾನು ಮಾಬವ್ವನಿಗೂ ಹೇಳಲಿಲ್ಲ. ಮರುದಿನ ಕರಣೆ ಹಿಡಿದು ಮೊದಲ ಮನೆಗೆ ಹೋದೆ. ಮನೆಯವರು, "ಈ ಸಲ ಚೊಲೊ ಬೆಳದೈತಿ ನೋಡ ದಾವಲಸಾಬ" ಎಂದರು. "ಹೌದ್ರಿ" ಎಂದೆ. ಬಾಯಿ ಅಭ್ಯಾಸದಿಂದ ಆಡಿತು. ಆಮೇಲೆ ಗಾರೆ ಕಲಸತೊಡಗಿದೆ.

ಮುಂದಿನ ವರ್ಷದ ಮಧ್ಯಾಹ್ನ ನಾನು ಎಲ್ಲರಂತೆ ಬೋರಲಾಗಿ ಮಲಗಿದ್ದೆ. ಹೊರಗೆ ಹೋಗುವ ಧೈರ್ಯ ಆಗಲಿಲ್ಲ. ಸದ್ದು ನಿಂತ ಮೇಲೆ ಮೊದಲು ಎದ್ದವಳು ಮಾಬವ್ವ. ಕಿಟಕಿಗೆ ಹೋಗಿ ಬಹಳ ಹೊತ್ತು ನಿಂತಳು. "ಹಂಗ ಐತ್ರಿ" ಎಂದಳು. "ಹಸರು ಹಂಗ ಐತಿ." ಸುತ್ತಲ ನೆಲ ಇಳಿದು, ಸಲಿಮಾಳ ಜಾಗ ಒಂದು ಸಣ್ಣ ಹಸಿರು ಕಟ್ಟೆಯಾಗಿ ನಿಂತಿತ್ತು.

ಅದೇ ಮಧ್ಯಾಹ್ನ ಮರಿಗೌಡರ ಅಪ್ಪ ಹೊರಗೆ ಬಂದರು. ಊರಿಗೆ ದೊಡ್ಡ ಮನೆ ಮರಿಗೌಡರದು. ಹೆಚ್ಚು ಹೊಲ ಅವರದು, ಮೊದಲ ಟ್ರ್ಯಾಕ್ಟರ್ ತಂದವರೂ ಅವರೇ. ಅವರ ಕಡೆಯವರು ಸತ್ತವರನ್ನು ಕೂಡ್ರಿಸಿ ಹೂಳುತ್ತಾರೆ. ಹಾಗಾಗಿ ಮೊದಲು ಬರುವುದು ತಲೆ. ಬಯಲಿನಲ್ಲಿ ಹಕ್ಕಿಗೂಡಿನಂತೆ ಏನೋ ಕಂಡಿತು ಎಂದು ಕುರಿ ಕಾಯುವವರು ಹೋಗಿ ನೋಡಿದರೆ, ರುಮಾಲಿನ ಸುತ್ತು. ಅದರ ಸುತ್ತಮುತ್ತ ಇನ್ನೂ ಹತ್ತು ಹನ್ನೆರಡು. ಮೂಡಣಕ್ಕೆ ಮುಖ ಮಾಡಿ, ಹಣೆಯವರೆಗೆ ಎದ್ದು, ಒಂದೇ ಸಾಲಿನಲ್ಲಿ. ಮಾದಲಿಯನ್ನು ಯಾರೂ ಬಾಯಿಗೆ ಇಡಲಿಲ್ಲ.

ಮರಿಗೌಡರು ನನ್ನನ್ನು ಅಲ್ಲಿಗೆ ಕರೆಸಿದರು. ಅಪ್ಪನ ತಲೆಯ ಮೇಲೆ ತಮ್ಮ ಹೆಗಲ ಶಾಲು ಹೊದಿಸಿ ನಿಂತಿದ್ದರು. ಅವರು ಕೆಟ್ಟ ಮನುಷ್ಯರಲ್ಲ, ಇದನ್ನು ಹೇಳಲೇಬೇಕು. ಸಲಿಮಾಳ ಜ್ವರಕ್ಕೆ ವೈದ್ಯರನ್ನು ಕರೆತರಲು ತಮ್ಮ ಗಾಡಿ ಕಳಿಸಿದ್ದವರು.

"ದಾವಲಸಾಬ, ಎಲ್ಲಾರದೂ ಹೊರಗ ಬಿತ್ತು. ನಿನ್ನ ಮಗಳದು ಹೆಂಗ ನಿಂತತು?"

ಹೇಳಬಹುದಿತ್ತು. ಹುಲ್ಲು ಹಿಡಿದಿದೆ ಎಂದರೆ, ಹುಲ್ಲು ಏನನ್ನು ಹಿಡಿಯಿತು ಎಂದು ಕೇಳುತ್ತಾರೆ. ನೆಲ ಇಳಿಯುತ್ತದೆ ಎನ್ನಬೇಕಾಗುತ್ತದೆ. ನಿನಗೆ ಹೇಗೆ ಗೊತ್ತು ಎಂದರೆ, ಆ ಮಧ್ಯಾಹ್ನ ಹೊರಗಿದ್ದೆ ಎನ್ನಬೇಕಾಗುತ್ತದೆ. ಸುತ್ತಲೂ ಜನ ನಿಂತಿದ್ದರು, ಎಲ್ಲರ ಕಣ್ಣು ನನ್ನ ಬಾಯಿಯ ಮೇಲೆ.

"ಹೊಳೆವ್ವಕ್ಕನ ಮಣ್ಣ ಹಾಕೀನ್ರಿ ಗೌಡ್ರ" ಎಂದೆ.

ಮೂರನೆಯ ದಿನ ಊರಿಗೆ ಊರೇ ಹೊಳೆವ್ವನ ಹೊಲಕ್ಕೆ ಹೊರಟಿತು. ಹಲಗೆ ಬಡಿಸಿಕೊಂಡು, ಹೆಂಗಸರು ಆರತಿ ಹಿಡಿದುಕೊಂಡು. ಅವಳಿಗೆ ಹಸಿರು ಸೀರೆ, ಕುಬಸದ ಕಣ, ಐದು ಥರದ ಹಣ್ಣು. ಅಷ್ಟು ವರ್ಷ ಮದುವೆಗೆ ಕರೆಯದಿದ್ದವರು ಅಂದು ಅವಳ ಹಣೆಗೆ ಕುಂಕುಮ ಹಚ್ಚಿದರು. ಅವಳು ಒಂಟಿ ಮೆಟ್ಟಿಲಿನ ಮೇಲೆ ನಿಂತು ಎಲ್ಲವನ್ನೂ ಹಚ್ಚಿಸಿಕೊಂಡಳು.

"ಸತ್ತವರಿಗೆ ಬೇಕಂದ್ರ ನಾ ಹೆಂಗ ಇಲ್ಲನ್ನಲಿ" ಎಂದಳು. "ಆದ್ರ ಮಣ್ಣ ಒಯ್ದರ ನಿಂದರೂದಿಲ್ರಿ ಗೌಡ್ರ. ಕರಿಕಿ ಒಯ್ರಿ. ನಾನ ಬಂದು ಹಚ್ಚಿ ಕೊಡ್ತೀನಿ."

ಮರಿಗೌಡರು ನೊಂದವರಂತೆ ನಕ್ಕರು. "ಕಳೇ ಒಯ್ದು ನಮ್ಮಪ್ಪನ ತಲಿ ಮ್ಯಾಲ ಹಚ್ಚಲೇನವಾ?"

ಆಗ ಹೊಳೆವ್ವ ಜನರ ನಡುವೆ ನನ್ನನ್ನು ಹುಡುಕಿದಳು. "ನೀ ಹೇಳು ದಾವಲಾ" ಎಂದಳು. ಎಲ್ಲರೂ ತಿರುಗಿದರು. ನಾನು ನೆಲ ನೋಡುತ್ತ ನಿಂತೆ. ಹಲಗೆಯವನು ಮತ್ತೆ ಬಡಿಯತೊಡಗಿದಾಗ ತಲೆ ಎತ್ತಿದೆ. ಅವಳು ಒಳಗೆ ಹೋಗಿದ್ದಳು.

ಎಂಟು ದಿನ ಸಾಗಿಸಿದರು. ಬದುಗಳನ್ನು ಮೊದಲು ಕಿತ್ತರು, ಹುಲ್ಲನ್ನು ಆರಿಸಿ ಬಿಸಾಡಿದರು. ಎಷ್ಟು ಮರ್ಯಾದೆಯಿಂದ ಒಯ್ದರೆಂದರೆ, ಒಬ್ಬೊಬ್ಬರೂ ಮೊದಲ ಹಿಡಿ ಮಣ್ಣನ್ನು ಕಣ್ಣಿಗೊತ್ತಿಕೊಂಡು ಟ್ರ್ಯಾಲಿಗೆ ಹಾಕಿದರು. ಮಣ್ಣು ಮುರಿದರೆ ರೊಟ್ಟಿಯ ಹಾಗೆ ಮುರಿಯುತ್ತಿತ್ತು. ಒಳಗೆಲ್ಲ ಎರೆಹುಳು, ಬಿಳಿ ಬೇರು. ಸುತ್ತಲ ನೆಲದ ಮಟ್ಟಕ್ಕೆ ಬಂದಾಗ ನಿಲ್ಲಿಸಿದರು. ಹೊಲದ ನಡುವೆ ಹೊಳೆವ್ವನ ಮನೆ ಒಬ್ಬಂಟಿ ಕಂಬದ ಮೇಲೆ ಇಟ್ಟ ಪೆಟ್ಟಿಗೆಯಂತೆ ಉಳಿಯಿತು. ಹೆಂಗಸರು ಕೆಳಗೆ ನಿಂತು ಕೈ ಬಾಯಿಗೆ ಇಟ್ಟುಕೊಂಡು ಕೂಗಿದರು: "ಹೊಳೆವ್ವಾ, ನಿನ್ನ ಮನೀನೂ ಬೆಳೀತಲ್ಲವಾ!" ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಮೆಟ್ಟಿಲು ಕಟ್ಟಲು ನನ್ನನ್ನೇ ಕಳಿಸಿದರು. ಇಪ್ಪತ್ತೆರಡು ಮೆಟ್ಟಿಲು, ಒಂದೇ ಮನೆಗೆ, ಒಂದೇ ಸಲ. ಹದಿನೈದು ದಿನ ಹಿಡಿಯಿತು. ಅವಳು ಮೇಲಿನಿಂದ ಹಗ್ಗದಲ್ಲಿ ರೊಟ್ಟಿ, ಮಜ್ಜಿಗೆ ಇಳಿಬಿಡುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಯ ಮೆಟ್ಟಿಲು ಕೂಡಿಸಿ ಅವಳ ಬಾಗಿಲ ಎದುರಿಗೇ ಬಂದಾಗ, ಅವಳು ಹೊಸ್ತಿಲ ಮೇಲೆ ಕುಳಿತಿದ್ದಳು.

"ನಿನ್ನ ಮಗಳ ಹೆಸರೇನು?" ಎಂದಳು.

"ಸಲಿಮಾ."

"ಬ್ಯಾಸಗ್ಯಾಗ ಆ ಹುಲ್ಲಿಗೆ ದಿನಾ ಎರಡ ತಂಬಿಗಿ ನೀರ ಹಾಕು. ಬಿಡಬ್ಯಾಡ." ಅಷ್ಟು ಹೇಳಿ ಎದ್ದು ಒಳಗೆ ಹೋದಳು.

ಮರುವರ್ಷದ ಮಧ್ಯಾಹ್ನ ಆ ಮಣ್ಣೆಲ್ಲ ಹೋಯಿತು. ಹೊಳೆವ್ವನ ಅಜ್ಜನಿಂದ ಬಂದದ್ದು, ಎಂಟು ದಿನ ಹೊತ್ತದ್ದು, ಕಣ್ಣಿಗೊತ್ತಿಕೊಂಡದ್ದು, ಒಂದು ಉಸಿರು ಬಿಡುವಷ್ಟರಲ್ಲಿ. ಹಿರಿಯರು ಈ ಸಲ ಭುಜದವರೆಗೆ ಬಂದಿದ್ದರು. ಸಾಲಾಗಿ ಕುಳಿತು ಊರನ್ನು ನೋಡುತ್ತಿದ್ದರು. ಅವರ ಸುತ್ತ ಕಲ್ಲು ಕಟ್ಟಿ ಮುಚ್ಚುವ ಕೆಲಸ ನನಗೆ ಬಂತು. ಅಂದಿನಿಂದ ಜನ ಹೊಲಕ್ಕೆ ಹೋಗಲು ಬಳಸುದಾರಿ ಹಿಡಿದರು.

ಆ ವರ್ಷ ಮರಿಗೌಡರ ಮನೆಗೆ ಇಪ್ಪತ್ತನಾಲ್ಕನೆಯ ಮೆಟ್ಟಿಲು ಕೂಡಿಸುವಾಗ ನನಗೆ ತಡೆಯಲಾಗಲಿಲ್ಲ. ಕರಣೆ ಕೆಳಗಿಟ್ಟೆ. "ಗೌಡ್ರ, ಮನಿ ಬೆಳದಿಲ್ರಿ. ನೆಲಾ ಇಳದೈತಿ. ನಾ ಕಣ್ಣಾರೆ ನೋಡೀನಿ. ಹೋದ ವರ್ಷ ನಿಮಗ ಸುಳ್ಳ ಹೇಳಿದೆ. ನನ್ನ ಮಗಳನ್ನ ಹಿಡದಿದ್ದು ಮಣ್ಣಲ್ಲ, ಹುಲ್ಲು."

ಮರಿಗೌಡರು ಮೇಲಿನ ಮೆಟ್ಟಿಲಿನ ಮೇಲೆ ಕುಳಿತಿದ್ದರು. ಕೇಳಿಸಿತು ಅವರಿಗೆ. ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಕಾಲಿನಿಂದ ಕಲ್ಲನ್ನು ಒಮ್ಮೆ ಒತ್ತಿ ನೋಡಿ, "ಇದನ್ನ ಬರೋಬ್ಬರಿ ಕೂಡ್ರಸಪಾ. ಹೋದ ಸಲದ್ದು ಅಲ್ಲಾಡತೈತಿ" ಎಂದರು.

ನಾಲ್ಕನೆಯ ವರ್ಷ ಮೊದಲ ಮಳೆ ಬಿದ್ದ ಮಾರನೆಯ ದಿನ, ಊರೆಲ್ಲ ಬೋರಲಾಗಿ ಮಲಗಿ ಕಾಯಿತು. ಸದ್ದು ಬರಲಿಲ್ಲ. ಹೊತ್ತು ವಾಲಿತು. ಮಕ್ಕಳು ಹಸಿವೆಂದು ಅತ್ತರು, ತಾಯಂದಿರು ಬಾಯಿ ಮುಚ್ಚಿಸಿದರು. ಸಂಜೆಯ ಬಿಸಿಲು ಕದದ ಸಂದಿಯಿಂದ ಬಂದಾಗ ಒಬ್ಬೊಬ್ಬರೇ ತೆರೆದು ನೋಡಿದರು. ಕೊನೆಯ ಮೆಟ್ಟಿಲು ನೆಲಕ್ಕೆ ಕೂತೇ ಇತ್ತು. ಮನೆ ಬೆಳೆದಿರಲಿಲ್ಲ.

ಜನ ಇಳಿದು ಬಂದರು. ಇಳಿದವರು ಅಲ್ಲಲ್ಲೇ ನಿಂತರು. ಒಬ್ಬ ಒಂದು ಹೆಜ್ಜೆ ಇಟ್ಟ, ಟಕ್ ಎಂದಿತು. ಇನ್ನೊಬ್ಬಳು ಇಟ್ಟಳು, ಟಕ್. ನಮ್ಮೂರಲ್ಲಿ ಯಾರ ಹೆಜ್ಜೆಯೂ ಎಂದೂ ಸದ್ದು ಮಾಡಿರಲಿಲ್ಲ. ಮಣ್ಣು ಎಲ್ಲರ ಹೆಜ್ಜೆಯನ್ನೂ ನುಂಗಿಕೊಳ್ಳುತ್ತಿತ್ತು. ಈಗ ಇಡೀ ಊರು ಟಕ್ ಟಕ್ ಎನ್ನತೊಡಗಿತು. ಉಳಿದಿದ್ದ ಬೆರಳುದ್ದ ಮಣ್ಣು ರಾತ್ರಿಯ ಮಳೆಗೇ ತೊಳೆದುಹೋಗಿ, ಅಡಿಯಲ್ಲಿ ಬರೀ ಬಂಡೆ ಇತ್ತು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಹಾಸು, ಹಳದಿ ಬಣ್ಣದ್ದು, ತೊಳೆದಿಟ್ಟ ಹಾಗೆ. ಬಿತ್ತಲು ಹೊರಟ ಕೂರಿಗೆಯ ತಾಳು ಕಿಡಿ ಹಾರಿಸಿ ಬಾಗಿತು. ಎತ್ತುಗಳ ಕಾಲು ಜಾರಿದವು. ಕತ್ತಲಾಗುವ ಮುಂಚೆ ಎಲ್ಲರೂ ಮೇಲೆ ಹತ್ತಿ, ಪಾದದ ಸದ್ದಾಗದಂತೆ ಕುಳಿತರು.

ಮುಂದಿನ ವಾರ ಏಳು ಮನೆಯವರು ಗಾಡಿ ಕಟ್ಟಿಕೊಂಡು ಹೋದರು. ಉಳಿದವರು ಮೆಟ್ಟಿಲ ಮೇಲೆ ಕುಳಿತು ಬಂಡೆ ನೋಡುತ್ತಿದ್ದರು. ಹೊಳೆವ್ವ ನಮ್ಮ ಮನೆಗೆ ಬಂದದ್ದು ಆಗ. ತನ್ನ ಮನೆಯಿಂದ ಇಳಿದು, ನಮ್ಮ ಮನೆಗೆ ಹತ್ತಿ, ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು. ನನ್ನನ್ನು ನೋಡಲಿಲ್ಲ. ಮಾಬವ್ವನ ಎದುರು ಹೋಗಿ ಕುಳಿತು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಬಿಳಿಜೋಳದ ಹನ್ನೊಂದು ಕಾಳು.

"ಮನ್ಯಾಗ ಬೀಜ ಅಂತ ಇದ್ದದ್ದು ಇಷ್ಟ" ಎಂದಳು. "ಊರಾಗ ಮಣ್ಣಂತ ಉಳದದ್ದು ನಿನ್ನ ಮಗಳ ಮ್ಯಾಲಿನದಷ್ಟ. ಕೇಳಾಕ ಬಂದೀನಿ. ಬ್ಯಾಡಂದ್ರ ಹಂಗ ಹೋಗ್ತೀನಿ."

ಗೋರಿಯ ಮೇಲೆ ಬಿತ್ತುವುದೆಂದರೇನು? ಬೇಡ ಎನ್ನಲು ಬಾಯಿ ತೆರೆದೆ. ಮಾಬವ್ವ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು.

"ಬೇರು ಆಕಿಗೆ ತಾಕ್ತಾವೇನಕ್ಕ?"

ಹೊಳೆವ್ವ ಯೋಚಿಸಿದಳು. "ತಾಕ್ತಾವ ತಂಗಿ. ಚಪ್ಪಡಿ ಸಂದಿಗುಂಟ ಇಳೀತಾವ. ಸುಳ್ಳ ಹೇಳೂದಿಲ್ಲ."

ಮಾಬವ್ವ ಕಿಟಕಿಯ ಕಡೆ ತಿರುಗಿದಳು. ಹೊರಗೆ ಎಲ್ಲೆಲ್ಲೂ ಹಳದಿ ಬಂಡೆ. ನಡುವೆ ಮಂಚದಷ್ಟು ಅಗಲದ ಹಸಿರು. ಅದನ್ನು ನೋಡುತ್ತಲೇ ಹೇಳಿದಳು. "ನಿನ್ನ ಹೊಲಕ್ಕ ಊರ ಮಂದಿ ಆರತಿ ತಗೊಂಡು ಬಂದಿದ್ರು. ಕೇಳಾಕ ಯಾರೂ ಬಂದಿರಲಿಲ್ಲ. ಇವರೂ ಅವರ ಜೋಡಿ ನಿಂತಿದ್ರು, ನಾ ಇಲ್ಲಿಂದ ನೋಡೀನಿ." ನನ್ನ ಕಡೆ ಬೆರಳೂ ತೋರಲಿಲ್ಲ, ಆದರೂ ನಾನು ಗೋಡೆಗೆ ಒರಗಿದೆ. "ನೀ ಇಷ್ಟ ಮೆಟ್ಟಿಲ ಹತ್ತಿ ಬಂದು ಕೇಳಾಕತ್ತೀದಿ. ಬಿತ್ತಕ್ಕ. ಆದ್ರ ಅಗೀಬ್ಯಾಡ."

"ಅಗಿಯೂದಿಲ್ಲ" ಎಂದಳು ಹೊಳೆವ್ವ. "ಕೋಲಿನ ತುದೀಲೆ ತೂತು. ಹುಲ್ಲಿಗೂ ಗೊತ್ತಾಗಬಾರದು."

ಹನ್ನೊಂದು ತೂತು, ಹನ್ನೊಂದು ಕಾಳು. ಆರನೆಯ ದಿನ ಹನ್ನೊಂದೂ ಮೂಡಿದವು. ಮುಂದೆ ಅವುಗಳಲ್ಲಿ ಒಂಬತ್ತು ತೆನೆಗಟ್ಟಿದವು, ಆ ಕಾಳು ಇಂದು ಬಂಡೆಯ ತಗ್ಗುಗಳಲ್ಲಿ ಎಲೆ, ಸಗಣಿ ಕೊಳೆಸಿ ಮಾಡಿದ ಮೂರು ಪುಟ್ಟ ಮಡಿಗಳಲ್ಲಿ ಬೆಳೆಯುತ್ತಿದೆ. ಅದು ದೊಡ್ಡ ಕಥೆ, ನಿಧಾನದ ಕಥೆ, ನನ್ನ ಕಾಲಕ್ಕೆ ಮುಗಿಯುವುದಿಲ್ಲ. ನಾನು ಹೇಳಬೇಕೆಂದದ್ದು ಎರಡನೆಯ ಮಳೆಯ ದಿನದ ಮಾತು.

ಸಸಿ ಎರಡು ಬೆರಳು ಎತ್ತರ ಇದ್ದವು. ಹಗಲಿನಲ್ಲೇ ಮೋಡ ಕವಿದು ದಪ್ಪ ಹನಿ ಬಿದ್ದವು. ನಾನೂ ಹೊಳೆವ್ವನೂ ಓಡಿಹೋಗಿ ಅಂಚಿನ ಕಲ್ಲುಗಳಿಗೆ ಕೈ ಒತ್ತಿ ಕುಳಿತೆವು. ಸುತ್ತ ಬಂಡೆಯ ಮೇಲೆ ನೀರು ಹರಿಯತೊಡಗಿತು. ಹುಟ್ಟಿದಾಗಿನಿಂದ ನಮ್ಮೂರ ಮಳೆನೀರು ಮಣ್ಣು ಹೊತ್ತು ಕಾಡಿಗೆಯಂತೆ ಕಪ್ಪಗೆ, ದಪ್ಪಗೆ ಹರಿಯುವುದನ್ನೇ ನಾನು ಕಂಡದ್ದು. ಅಂದು ಅಡಿಯ ಬಂಡೆಯ ಗೆರೆ ಗೆರೆಯೂ ಕಾಣುವಂತೆ ಹರಿಯಿತು. ಜನ ಮೆಟ್ಟಿಲ ಮೇಲೆ ಬಂದು ನಿಂತರು. ಮರಿಗೌಡರ ಹೆಂಡತಿ ಇಳಿದು ಬಂದು ಕೊಡ ಹಿಡಿದಳು. "ನೋಡ್ರೇ, ಎಷ್ಟ ತಿಳಿ ಐತಿ! ಕಾಜಿನಂಗ!" ಎಂದು ಕೂಗಿದಳು. ಎಷ್ಟೋ ದಿನಗಳ ಮೇಲೆ ಊರಿನಲ್ಲಿ ನಗು ಕೇಳಿಸಿತು. ಮಕ್ಕಳು ಬೊಗಸೆ ಒಡ್ಡಿದರು, ಹೆಂಗಸರು ತಂಬಿಗೆ ತಂದರು, ಎಲ್ಲರೂ ಕುಡಿದರು.

ಹೊಲ ಹೋದ ಎಂಟು ದಿನವೂ ಹೊಳೆವ್ವ ಅತ್ತಿರಲಿಲ್ಲ. ಈಗ ಕಲ್ಲಿನಿಂದ ಕೈ ತೆಗೆಯದೆ, ತಲೆಯನ್ನು ತೋಳಿನಲ್ಲಿ ಹುದುಗಿಸಿ, ಮೈಯೆಲ್ಲ ಅಲ್ಲಾಡುವಂತೆ ಅಳತೊಡಗಿದಳು.

ಮರಿಗೌಡರು ಕೈಯಲ್ಲಿ ತಂಬಿಗೆ ಹಿಡಿದು ನಮ್ಮ ಹತ್ತಿರ ಬಂದರು. ಒಂದು ಗುಟುಕು ಕುಡಿದಿದ್ದರು, ಮೀಸೆ ಒದ್ದೆಯಾಗಿತ್ತು.

"ಯಾಕ ಅಳಾಕತ್ತಾಳೋ?" ಎಂದು ಮೆಲ್ಲಗೆ ನನ್ನನ್ನು ಕೇಳಿದರು.

"ನೀರು ತಿಳಿ ಐತಲ್ರಿ ಗೌಡ್ರ" ಎಂದೆ. "ಅದಕ್ಕ."

ಅವರು ತಂಬಿಗೆಯೊಳಗೆ ಬಗ್ಗಿ ನೋಡಿದರು. ನೋಡುತ್ತಲೇ ನಿಂತರು. ಮಳೆ ಅದರೊಳಗೆ ಬೀಳುತ್ತಿತ್ತು, ತುಂಬಿ ಅವರ ಮೊಣಕೈಗುಂಟ ಇಳಿಯುತ್ತಿತ್ತು. ಎರಡನೆಯ ಗುಟುಕು ಅವರು ಕುಡಿಯಲಿಲ್ಲ.